ಕಿವಿಯಿಂದ ಓದುವವರ ಪುಟ

ನಮ್ಮ ಶಾಲೆಗೂ ಒಂದು ಜಾಲತಾಣ ಬೇಕು ಎಂಬ ಹುಚ್ಚು ನನಗೆ ಹತ್ತಿದ್ದು ರಾಣೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ರೈಲಿನಲ್ಲಿ. ಎದುರಿಗೆ ಕುಳಿತಿದ್ದ ಪಾಲಕರೊಬ್ಬರು ತಮ್ಮ ಮಗನ ಖಾಸಗಿ ಶಾಲೆಯ ಪುಟವನ್ನು ಫೋನಿನಲ್ಲಿ ತೋರಿಸುತ್ತ, “ನಿಮ್ಮ ಸಾಲಿದು ಐತೇನ್ರೀ ಸರ್?” ಎಂದು ಕೇಳಿದರು. ಇಲ್ಲ ಎನ್ನುವುದು ಯಾಕೋ ಕಷ್ಟವಾಯಿತು.

ಅದಾದ ಮೇಲೆ ಒಂಬತ್ತನೆಯ ತರಗತಿಯ ನಾಲ್ಕು ಹುಡುಗರು, ಇಬ್ಬರು ಹುಡುಗಿಯರು ಮತ್ತು ನಾನು ಸೇರಿ ಮೂರು ಭಾನುವಾರ ಕೂತು ಒಂದು ಜಾಲತಾಣ ಮಾಡಿಯೇ ಬಿಟ್ಟೆವು. ತೆರೆದ ಕೂಡಲೇ ‘ಸುಸ್ವಾಗತ’ ಎಂಬ ಅಕ್ಷರಗಳು ಎಡದಿಂದ ಬಲಕ್ಕೆ ಓಡುತ್ತಿದ್ದವು. ಅಂಚಿನಲ್ಲಿ ಹಾವೇರಿಯ ಏಲಕ್ಕಿ ಹಾರದ ಚಿತ್ರ. ವೇಳಾಪಟ್ಟಿಯನ್ನು ಸೂಚನಾ ಫಲಕದಿಂದಲೇ ಫೋಟೋ ಹೊಡೆದು ಏರಿಸಿದ್ದೆವು. ಪುಟದ ಬಣ್ಣ ಕೆಂಪು, ಅಕ್ಷರದ ಬಣ್ಣ ಹಸಿರು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ಮತ್ತು ಅದರ ತೊಟ್ಟಿನ ಬಣ್ಣ ಎಂದು ಮಕ್ಕಳೇ ಆರಿಸಿದ್ದು. ಮುಖ್ಯೋಪಾಧ್ಯಾಯರು ಪೇಢೆ ಹಂಚಿದರು. ನಾನು ಪರಿಚಯದವರಿಗೆಲ್ಲ ವಿಳಾಸ ಕಳಿಸಿದೆ. ಹಾಗೆ ಕಳಿಸಿದವರಲ್ಲಿ ಹಾವೇರಿಯಲ್ಲಿ ನೌಕರಿಯಲ್ಲಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬನೂ ಇದ್ದ.

ಆತನ ಬಗ್ಗೆ ಒಂದು ಮಾತು ಹೇಳಬೇಕು. ನನ್ನ ತರಗತಿಯಲ್ಲಿದ್ದಾಗ ಅವನಿಗೆ ಸಂಜೆಯ ಮೇಲೆ ಕಣ್ಣು ಮಂದವಾಗುತ್ತಿತ್ತು. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ರೋಗ. ಅಕ್ಷಿಪಟಲದಲ್ಲಿ ಮಬ್ಬು ಬೆಳಕಿಗೆಂದೇ ಇರುವ ಕಂಬಿಕೋಶಗಳು ಮೊದಲು ಸಾಯುತ್ತವೆ. ಹಾಗಾಗಿ ಮೊದಲು ಇರುಳುಗುರುಡು ಬರುತ್ತದೆ, ಆಮೇಲೆ ನೋಟದ ಅಂಚುಗಳು ಮುಚ್ಚುತ್ತ ಕೊಳವೆಯೊಳಗಿಂದ ನೋಡಿದಂತಾಗುತ್ತದೆ. ಈಗ ಅವನಿಗೆ ಬೆಳಕು-ಕತ್ತಲೆಯ ವ್ಯತ್ಯಾಸ ಬಿಟ್ಟರೆ ಬೇರೇನೂ ತಿಳಿಯದು. ಆದರೂ ದಿನಪತ್ರಿಕೆ ಓದುತ್ತಾನೆ, ಕಚೇರಿಯ ಪತ್ರ ಬರೆಯುತ್ತಾನೆ, ನನಗಿಂತ ವೇಗವಾಗಿ ಸಂದೇಶ ಕಳಿಸುತ್ತಾನೆ. ಎಲ್ಲವೂ ಕಿವಿಯಿಂದ.

ಒಂದು ವಾರದ ನಂತರ ಹಾವೇರಿಯಲ್ಲಿ ಸಿಕ್ಕಾಗ, “ಸರ್, ನಿಮ್ಮ ಸಾಲಿ ಪುಟ ನೋಡೇನಿ. ನೋಡೇನಿ ಅಂದ್ರ ಕೇಳೇನಿ. ನೀವೂ ಒಮ್ಮೆ ಕೇಳ್ರಿ,” ಎಂದು ತನ್ನ ಫೋನನ್ನು ನನ್ನ ಕಿವಿಗೆ ಹಿಡಿದ.

ಫೋನು ಮಾತಾಡಿತು: “ಚಿತ್ರ. ಚಿತ್ರ. ಐ ಎಂ ಜಿ ಎರಡು ಸೊನ್ನೆ ನಾಲ್ಕು. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಲಿಂಕ್, ಇಲ್ಲಿ ಕ್ಲಿಕ್ ಮಾಡಿ. ಲಿಂಕ್, ಇಲ್ಲಿ ಕ್ಲಿಕ್ ಮಾಡಿ.”

ಏಲಕ್ಕಿ ಹಾರವೂ ‘ಚಿತ್ರ’, ವೇಳಾಪಟ್ಟಿಯೂ ‘ಚಿತ್ರ’. ಕೊನೆಗೆ ಮುಖ್ಯೋಪಾಧ್ಯಾಯರ ಸಂದೇಶ ಬಂತು. ಅವರು ಅದನ್ನು ಎರಡು ದಿನ ಕೂತು ಬರೆದಿದ್ದರು. ಮೊದಲ ಸಾಲಿನಲ್ಲಿದ್ದ ‘ಕನ್ನಡ’ ಎಂಬ ಪದವನ್ನು ಫೋನು ಓದಿದ್ದು ಹೀಗೆ: “ಪಿ, ಎ, ಪೌಂಡ್, ಎ...”

ನನಗೆ ನಗು ಬಂತು, ಅವನಿಗೆ ಬರಲಿಲ್ಲ. “ಹತ್ತು ವರ್ಷದಿಂದ ಇದನ್ನ ಕೇಳಾಕತ್ತೇನಿ ಸರ್,” ಎಂದ.

ಕನ್ನಡ ಯಾಕೆ ‘ಪಿ, ಎ, ಪೌಂಡ್’ ಆಯಿತು? ವಿದ್ಯಾರ್ಥಿಗಳೇ, ಇದು ತಿಳಿಯಬೇಕಾದ ಸಂಗತಿ. ಗಣಕಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ನೀವು ಒತ್ತಿದ ಪ್ರತಿ ಅಕ್ಷರವೂ ಒಳಗೆ ಒಂದು ಸಂಖ್ಯೆಯಾಗಿ ಕೂತಿರುತ್ತದೆ. ಆ ಸಂಖ್ಯೆಗೆ ಯಾವ ಆಕಾರ ತೋರಿಸಬೇಕು ಎಂದು ಹೇಳುವುದು ಫಾಂಟು. ಹಿಂದೆ ಕನ್ನಡಕ್ಕೆ ಜಾಗವಿಲ್ಲದ ಕಾಲದಲ್ಲಿ ನಮ್ಮವರು ಒಂದು ಜಾಣತನ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸಂಖ್ಯೆಗಳನ್ನೇ ತೆಗೆದುಕೊಂಡು, ಅವುಗಳ ಆಕಾರ ಮಾತ್ರ ಕನ್ನಡದ್ದಾಗಿ ಬರೆದರು. ನುಡಿಯ ಹಳೆಯ ಫಾಂಟಿನಲ್ಲಿ ‘ಕ’ ಎಂದರೆ ಒಳಗೆ ದೊಡ್ಡ ‘ಪಿ’ ಮತ್ತು ತಲೆಯ ಮೇಲೆ ಗೀಟಿರುವ ‘ಎ’. ‘ನ’ ಎಂದರೆ ಇಂಗ್ಲೆಂಡಿನ ಹಣದ ಪೌಂಡ್ ಚಿಹ್ನೆ ಮತ್ತು ಅದೇ ‘ಎ’. ‘ಡ’ಕ್ಕೆ ಸಣ್ಣ ‘ಕ್ಯೂ’. ಕಣ್ಣಿಗೆ ಕನ್ನಡ, ಹೊಟ್ಟೆಯೊಳಗೆ ಇಂಗ್ಲಿಷು. ವೇಷ ಹಾಕಿದ ಪಾತ್ರಧಾರಿಯಂತೆ. ನೋಡುವವನಿಗೆ ವೇಷ ಸಾಕು. ಆದರೆ ಕುರುಡರ ಫೋನು ವೇಷವನ್ನು ನೋಡುವುದಿಲ್ಲ, ನೇರವಾಗಿ ಹೊಟ್ಟೆಯೊಳಗಿನ ಸಂಖ್ಯೆಯನ್ನು ಓದುತ್ತದೆ.

ಜಾಣತನ ಎಂದೆ, ಹೀಯಾಳಿಸಲು ಅಲ್ಲ. ಆ ಫಾಂಟುಗಳಿಲ್ಲದಿದ್ದರೆ ನಮ್ಮ ಪ್ರಶ್ನೆಪತ್ರಿಕೆಗಳೂ ಮದುವೆಯ ಪತ್ರಿಕೆಗಳೂ ಕನ್ನಡದಲ್ಲಿ ಅಚ್ಚಾಗುತ್ತಿರಲಿಲ್ಲ. ಅವು ಕಾಗದಕ್ಕೆಂದು ಹುಟ್ಟಿದವು. ಈಗ ಆ ಸ್ಥಿತಿ ಇಲ್ಲ. ಜಗತ್ತಿನ ಲಿಪಿಗಳ ಅಕ್ಷರಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಯುನಿಕೋಡ್ ಎಂಬ ಪಟ್ಟಿ 1991ರಲ್ಲಿ ಬಂತು, ಅದರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತು. ಅದರ ಪ್ರಕಾರ ‘ಕ’ದ ಸಂಖ್ಯೆ 3221, ‘ನ’ದ್ದು 3240, ‘ಡ’ದ್ದು 3233. ಲಂಡನ್ನಿನಲ್ಲೂ ಅದೇ, ಲಕ್ಷ್ಮೇಶ್ವರದಲ್ಲೂ ಅದೇ. ಹೀಗೆ ಬರೆದದ್ದನ್ನು ಫೋನು ಸ್ಪಷ್ಟವಾಗಿ ‘ಕನ್ನಡ’ ಎಂದೇ ಓದುತ್ತದೆ. ನುಡಿಯಲ್ಲೂ ಬರಹದಲ್ಲೂ ಯುನಿಕೋಡ್‌ನಲ್ಲಿ ಬರೆಯುವ ಸೌಲಭ್ಯ ಬಂದು ಎಷ್ಟೋ ವರ್ಷವಾಯಿತು. ಆದರೂ ರೂಢಿಯ ಕಾರಣಕ್ಕೆ ಹಳೆಯ ಫಾಂಟಿನಲ್ಲೇ ಬರೆದು, ಪಿಡಿಎಫ್ ಮಾಡಿ, ಜಾಲತಾಣಕ್ಕೆ ಏರಿಸುವುದು ನಿಂತಿಲ್ಲ. ನಮ್ಮ ಮುಖ್ಯೋಪಾಧ್ಯಾಯರ ಸಂದೇಶವನ್ನು ಹಾಗೆ ಏರಿಸಿದವನು ನಾನೇ.

ಇಲ್ಲಿ ನನಗೆ ಗದುಗಿನ ಪುಟ್ಟರಾಜ ಗವಾಯಿಗಳು ನೆನಪಾಗುತ್ತಾರೆ. ಅವರು ನಮ್ಮ ಹಾವೇರಿ ತಾಲೂಕಿನ ದೇವಗಿರಿಯವರು, 1914ರಲ್ಲಿ ಹುಟ್ಟಿದವರು. ಅವರ ಗುರು ಪಂಚಾಕ್ಷರಿ ಗವಾಯಿಗಳು ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯವರು. ಇಬ್ಬರಿಗೂ ಕಣ್ಣಿರಲಿಲ್ಲ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಸಾವಿರಾರು ಅಂಧ ಮಕ್ಕಳು ಸಂಗೀತ ಕಲಿತು ಹೊಟ್ಟೆಗೆ ದಾರಿ ಮಾಡಿಕೊಂಡದ್ದು ಇವರಿಂದ. ಸಂಗೀತ ಕಿವಿಯ ವಿದ್ಯೆ, ಹಾಗಾಗಿ ಆ ಬಾಗಿಲು ತೆರೆದಿತ್ತು. ಆದರೆ ಪುಟ್ಟರಾಜರು ಅಷ್ಟಕ್ಕೇ ನಿಲ್ಲಲಿಲ್ಲ. ಬ್ರೈಲ್ ಲಿಪಿಯಲ್ಲಿ ಭಗವದ್ಗೀತೆಯನ್ನು ಸಿದ್ಧಪಡಿಸಿದರು. ಓದು ಎಂಬುದು ಇನ್ನೊಬ್ಬರ ಬಾಯಿಂದ ಕೇಳುವುದಲ್ಲ, ತಾನೇ ಬೇಕಾದಲ್ಲಿ ನಿಂತು, ಬೇಕಾದಲ್ಲಿ ಹಿಂದೆ ಹೋಗಿ, ತನ್ನ ಬೆರಳಿನಿಂದ ಓದುವುದು ಎಂಬುದು ಅವರಿಗೆ ಗೊತ್ತಿತ್ತು.

ಬ್ರೈಲ್ ಎಂದರೆ ಆರು ಉಬ್ಬು ಚುಕ್ಕೆಗಳ ಆಟ. ಫ್ರಾನ್ಸಿನ ಲೂಯಿ ಬ್ರೈಲ್ 1824ರ ಹೊತ್ತಿಗೆ ಇದನ್ನು ರೂಪಿಸಿದಾಗ ಅವನಿಗೆ ಹದಿನೈದು ವರ್ಷ. ಒಂದೊಂದು ಚುಕ್ಕೆಯೂ ಇರಬಹುದು ಅಥವಾ ಇಲ್ಲದಿರಬಹುದು. ಎರಡನ್ನು ಆರು ಸಲ ಗುಣಿಸಿದರೆ 64, ಖಾಲಿ ಜಾಗ ಬಿಟ್ಟರೆ 63 ಆಕಾರಗಳು. ನಮ್ಮ ದೇಶದ ಭಾಷೆಗಳಿಗೆಲ್ಲ ಒಂದೇ ಎನ್ನುವ ಭಾರತಿ ಬ್ರೈಲ್ 1951ರಲ್ಲಿ ನಿಗದಿಯಾಯಿತು. ಅದರಲ್ಲಿ ಕನ್ನಡದ ‘ಕ’, ಹಿಂದಿಯ ‘ಕ’, ಇಂಗ್ಲಿಷಿನ ‘ಕೆ’ ಮೂರಕ್ಕೂ ಒಂದೇ ಚುಕ್ಕೆಗಳು. ಒಂದು ಅಕ್ಷರಕ್ಕೆ ಒಂದೇ ಗುರುತು ಎಂಬ ಮಾತನ್ನು ಕಣ್ಣಿಲ್ಲದವರು 1951ರಲ್ಲೇ ಒಪ್ಪಿಕೊಂಡಿದ್ದರು, ಕಣ್ಣಿರುವ ನಾವು ಇನ್ನೂ ಎಳೆದಾಡುತ್ತಿದ್ದೇವೆ.

ಈಗ ಪಾಲಕರೂ ಮಕ್ಕಳೂ ಸೇರಿ ಮನೆಯಲ್ಲೊಂದು ಪ್ರಯೋಗ ಮಾಡಬಹುದು. ಖರ್ಚಿಲ್ಲ. ಬಹುತೇಕ ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್ ಎಂಬ ಸೌಲಭ್ಯ ಮೊದಲೇ ಇರುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿ ಎಂಬಲ್ಲಿ ಹುಡುಕಿದರೆ ಸಿಗುತ್ತದೆ. ಅದನ್ನು ಚಾಲೂ ಮಾಡಿ, ಕಣ್ಣಿಗೆ ಕರವಸ್ತ್ರ ಕಟ್ಟಿಕೊಂಡು, ನಿಮಗೆ ಪರಿಚಯದ ಯಾವುದಾದರೂ ಪುಟ ತೆರೆಯಿರಿ. ಬೆರಳನ್ನು ಬಲಕ್ಕೆ ಜಾರಿಸಿದರೆ ಮುಂದಿನ ಸಂಗತಿ ಓದುತ್ತದೆ, ಬೇಕಾದುದನ್ನು ಆರಿಸಲು ಎರಡು ಸಲ ತಟ್ಟಬೇಕು. ಆರಿಸಲೂ ಎರಡು ಸಲವೇ ತಟ್ಟಬೇಕು ಎಂಬುದನ್ನು ಮರೆಯಬೇಡಿ. ನನಗೆ ಇದು ಗೊತ್ತಿಲ್ಲದೆ ಕಾಲು ಗಂಟೆ ಫೋನಿನ ಜೊತೆ ಗುದ್ದಾಡಿದೆ, ಅದು ನನ್ನ ಹೆಂಡತಿಯ ಹೆಸರನ್ನೂ ಅವಳು ಕಳಿಸಿದ ದಿನಸಿ ಪಟ್ಟಿಯನ್ನೂ ಬೀದಿಗೆಲ್ಲ ಕೇಳುವಂತೆ ಓದಿತು. ಗಣಕವಿದ್ದವರು ಎನ್‌ವಿಡಿಎ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಳ್ಳಬಹುದು. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಅದನ್ನು ಆರಂಭಿಸಿದರು, ಅವರ ಗೆಳೆಯ ಜೇಮ್ಸ್ ಟೆ ಕೈಜೋಡಿಸಿದರು. ಇಬ್ಬರೂ ಅಂಧರು. ಅದು ಕನ್ನಡವನ್ನೂ ಓದುತ್ತದೆ. ದನಿ ಸ್ವಲ್ಪ ಯಂತ್ರದ್ದೇ, ಆದರೆ ರೂಢಿಯಾದವರು ಅದನ್ನು ನಮಗೆ ಒಂದು ಪದವೂ ತಿಳಿಯದಷ್ಟು ವೇಗದಲ್ಲಿ ಕೇಳುತ್ತಾರೆ.

ಈ ಪ್ರಯೋಗ ಮಾಡಿದ ಮೇಲೆ ನಮ್ಮ ಆರು ಮಂದಿ ಮಕ್ಕಳಿಗೆ ಹೆಚ್ಚು ಹೇಳಬೇಕಾಗಲಿಲ್ಲ. ಚಿತ್ರದ ಹಿಂದೆ ಒಂದು ಸಾಲಿನ ವಿವರಣೆ ಬರೆಯಬಹುದು, ಅದು ಕಣ್ಣಿಗೆ ಕಾಣದಿದ್ದರೂ ಫೋನು ಓದುತ್ತದೆ ಎಂದು ಕಲಿತರು. ‘ಏಲಕ್ಕಿ ಹಾರ, ಹಾವೇರಿ’ ಎಂದು ಒಬ್ಬಳು ಬರೆದಳು. ಇನ್ನೊಬ್ಬ ‘ಸುಂದರವಾದ ಏಲಕ್ಕಿ ಹಾರ’ ಎಂದು ತಿದ್ದಿದ, ಅದರ ಮೇಲೆ ಅರ್ಧ ತಾಸು ಜಗಳ. ‘ಇಲ್ಲಿ ಕ್ಲಿಕ್ ಮಾಡಿ’ ಹೋಗಿ ‘ಎಂಟನೆಯ ತರಗತಿಯ ವೇಳಾಪಟ್ಟಿ’ ಬಂತು. ಶೀರ್ಷಿಕೆಗಳನ್ನು ಬರೀ ದಪ್ಪ ಅಕ್ಷರ ಮಾಡದೆ, ಇದು ಶೀರ್ಷಿಕೆ ಎಂದು ಗಣಕಕ್ಕೇ ಗುರುತು ಹಾಕಿದೆವು. ನಾವು ಪತ್ರಿಕೆ ಹಿಡಿದಾಗ ಮೊದಲಕ್ಷರದಿಂದ ಓದುತ್ತೇವೆಯೇ? ತಲೆಬರಹಗಳ ಮೇಲೆ ಕಣ್ಣಾಡಿಸಿ ಬೇಕಾದಲ್ಲಿ ನಿಲ್ಲುತ್ತೇವೆ. ಹಾಗೆಯೇ ಎನ್‌ವಿಡಿಎ ಬಳಸುವವರು ‘ಎಚ್’ ಕೀಲಿ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಜಿಗಿಯುತ್ತಾರೆ. ಗುರುತಿಲ್ಲದಿದ್ದರೆ ಜಿಗಿತವಿಲ್ಲ, ಇಡೀ ಪುಟ ಕೇಳಬೇಕು.

ಇನ್ನು ಆ ಮೆಣಸಿನಕಾಯಿ ಬಣ್ಣ. ಅಕ್ಷರಕ್ಕೂ ಹಿನ್ನೆಲೆಗೂ ಇರುವ ಬೆಳಕಿನ ಅಂತರವನ್ನು ಅಳೆಯುವ ಒಂದು ಸೂತ್ರವಿದೆ. ಬಿಳಿಯ ಮೇಲೆ ಕಪ್ಪು ಇದ್ದರೆ ಅನುಪಾತ 21ಕ್ಕೆ 1. ಮಂದದೃಷ್ಟಿಯವರು ಓದಲು ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು. ನಮ್ಮ ಕೆಂಪು-ಹಸಿರನ್ನು ಅಳೆದಾಗ ಬಂದದ್ದು ಸುಮಾರು 1.3. ಅದನ್ನು ತರಗತಿಯಲ್ಲಿ ಹೇಳುತ್ತಿದ್ದಂತೆ ಹಿಂದಿನ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದ. ಆಮೇಲೆ ಒಬ್ಬನೇ ಬಂದು, ತನಗೆ ಆ ಪುಟದಲ್ಲಿ ಅಕ್ಷರವೇ ಕಂಡಿರಲಿಲ್ಲ ಎಂದ. ಅವನಿಗೆ ಕೆಂಪು-ಹಸಿರು ವರ್ಣಾಂಧತೆ. ಇದರ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿರುವುದರಿಂದ ಗಂಡುಮಕ್ಕಳಲ್ಲೇ ಹೆಚ್ಚು, ಯುರೋಪ್ ಮೂಲದ ಗಂಡಸರಲ್ಲಿ ನೂರಕ್ಕೆ ಸುಮಾರು ಎಂಟು ಮಂದಿಗೆ ಇದೆ. ಪ್ರಯೋಗಾಲಯದಲ್ಲಿ ಮೀಥೈಲ್ ಆರೆಂಜ್ ಬಣ್ಣ ಬದಲಿಸಿದ್ದು ತಿಳಿಯದೆ ನನ್ನಿಂದ ಬೈಸಿಕೊಂಡಿದ್ದವನು ಅವನೇ. ಧಾರಣೆಯ ಪಟ್ಟಿಗಳಲ್ಲಿ ಏರಿದ ದರಕ್ಕೆ ಹಸಿರು, ಇಳಿದದ್ದಕ್ಕೆ ಕೆಂಪು ಬಳಿದು ಸುಮ್ಮನಾಗುವುದನ್ನು ನೀವೂ ಕಂಡಿರುತ್ತೀರಿ. ಇಂಥ ಕಣ್ಣಿನ ರೈತನಿಗೆ ತನ್ನ ಡಬ್ಬಿ ಮೆಣಸಿನಕಾಯಿ ಏರಿತೋ ಇಳಿಯಿತೋ ತಿಳಿಯುವುದಿಲ್ಲ. ಪಕ್ಕದಲ್ಲಿ ಒಂದು ಬಾಣದ ಗುರುತು ಹಾಕಿದರೆ ಮುಗಿಯಿತು.

ಇಷ್ಟೆಲ್ಲ ತಿದ್ದಿ, ನಾವು ಗೆದ್ದೆವು ಎಂದು ಕುಳಿತಿದ್ದಾಗಲೇ ಎಂಟನೆಯ ತರಗತಿಯ ಒಬ್ಬ ಹುಡುಗಿಯ ತಾಯಿ ಶಾಲೆಗೆ ಬಂದರು. ವಿದ್ಯಾರ್ಥಿವೇತನದ ಅರ್ಜಿಗೆ ಕಾಗದಪತ್ರಗಳನ್ನೆಲ್ಲ ಚೀಲದಲ್ಲಿ ತಂದಿದ್ದರು. ಕೊನೆಯ ದಿನ ದಾಟಿ ಎರಡು ದಿನವಾಗಿತ್ತು.

“ಪ್ರಕಟಣೆ ಪುಟದಾಗ ಹಾಕಿದ್ವೆಲ್ಲ?” ಎಂದೆ.

“ನೋಡಿದ್ವಿ ಸರ್. ಇಬ್ರೂ ಓದಿದ್ವಿ. ತಿಳೀಲಿಲ್ರಿ,” ಎಂದರು.

ನಾನು ಅದನ್ನು ಮತ್ತೆ ತೆರೆದು ಓದಿದೆ. ‘ಮೇಲ್ಕಾಣಿಸಿದ ವಿಷಯಕ್ಕೆ ಸಂಬಂಧಿಸಿದಂತೆ’ ಎಂದು ಶುರುವಾಗಿ, ‘ಸದರಿ’ ಎರಡು ಸಲ, ‘ತತ್ಸಂಬಂಧ’ ಒಂದು ಸಲ ಬಂದು, ಒಂದೇ ವಾಕ್ಯ ಏಳು ಸಾಲು ಓಡಿತ್ತು. ಕೊನೆಯ ದಿನಾಂಕ ಐದನೆಯ ಸಾಲಿನ ನಡುವೆ ಅಡಗಿತ್ತು. ಬರೆದವನು ಬಿ.ಎಸ್‌ಸಿ., ಬಿ.ಎಡ್., ನಾನು.

ಆ ಹುಡುಗಿಗೆ ಕಣ್ಣು ಚೆನ್ನಾಗಿದೆ. ಅವಳಿಗಿರುವುದು ಡಿಸ್ಲೆಕ್ಸಿಯಾ, ಅಂದರೆ ಓದಿನ ತೊಡಕು. ಬುದ್ಧಿಗೆ ಏನೂ ಕೊರತೆ ಇಲ್ಲ, ವಿದ್ಯುನ್ಮಂಡಲವನ್ನು ನನ್ನ ತರಗತಿಯಲ್ಲಿ ಎಲ್ಲರಿಗಿಂತ ಮೊದಲು ಜೋಡಿಸುತ್ತಾಳೆ. ಆದರೆ ಅಕ್ಷರಗಳನ್ನು ಪದವಾಗಿ, ಪದಗಳನ್ನು ವಾಕ್ಯವಾಗಿ ಹೆಣೆಯುವಲ್ಲಿ ಮಿದುಳು ತಡವರಿಸುತ್ತದೆ. ಉದ್ದ ವಾಕ್ಯದ ಕೊನೆಗೆ ಬರುವಷ್ಟರಲ್ಲಿ ಮೊದಲು ಓದಿದ್ದು ಜಾರಿರುತ್ತದೆ. ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ಇಂಥ ಮಕ್ಕಳನ್ನು ದಡ್ಡರೆಂದೇ ತಿಳಿದಿದ್ದೆ, ಹಾಗೆಂದು ಅವರ ಎದುರಿಗೇ ಕರೆದದ್ದೂ ಉಂಟು. ಅವರಲ್ಲಿ ಕೆಲವರು ಈಗ ಬ್ಯಾಡಗಿ ಪೇಟೆಯಲ್ಲಿ ಎದುರಾದಾಗ ನಮಸ್ಕಾರ ಮಾಡುತ್ತಾರೆ. ನನಗೆ ಮುಖ ಎತ್ತುವುದು ಕಷ್ಟವಾಗುತ್ತದೆ.

ಅಂದು ಸಂಜೆ ಆ ಪ್ರಕಟಣೆಯನ್ನು ಅವಳನ್ನೇ ಪಕ್ಕದಲ್ಲಿ ಕೂರಿಸಿಕೊಂಡು ಮತ್ತೆ ಬರೆದೆ. ಮೊದಲ ಸಾಲು: ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಿರಿ. ಎರಡನೆಯ ಸಾಲು: ಕೊನೆಯ ದಿನ. ಮೂರನೆಯದು: ತರಬೇಕಾದ ಕಾಗದಗಳು, ಒಂದರ ಕೆಳಗೆ ಒಂದು. ನಾಲ್ಕನೆಯದು: ತಿಳಿಯದಿದ್ದರೆ ಯಾರನ್ನು ಕೇಳಬೇಕು. ಓಡುವ ‘ಸುಸ್ವಾಗತ’ವನ್ನು ನಿಲ್ಲಿಸು ಎಂದು ಹೇಳಿದವಳೂ ಅವಳೇ. ಅದು ಓಡುತ್ತಿದ್ದರೆ ಕಣ್ಣು ಅಲ್ಲಿಗೇ ಹೋಗುತ್ತದಂತೆ, ಓದಿದ ಸಾಲು ಕಳೆದುಹೋಗುತ್ತದಂತೆ. ಮುಖ್ಯೋಪಾಧ್ಯಾಯರಿಗೆ ಅದು ಬಹಳ ಪ್ರೀತಿಯ ಅಲಂಕಾರವಾಗಿತ್ತು, ಒಂದು ವಾರ ಮುನಿಸಿಕೊಂಡಿದ್ದರು. ಕುತೂಹಲವೆಂದರೆ, ಹೊಸ ಪ್ರಕಟಣೆ ಹಾಕಿದ ಮೇಲೆ ‘ಏನಿದು ಸರ್’ ಎಂದು ಫೋನ್ ಮಾಡುವ ಪಾಲಕರ ಸಂಖ್ಯೆಯೇ ಇಳಿಯಿತು. ಅವರಿಗೆ ಯಾವ ತೊಡಕೂ ಇರಲಿಲ್ಲ, ಇದ್ದದ್ದು ನನ್ನ ವಾಕ್ಯದಲ್ಲಿ.

ಆ ವರ್ಷದ ವಿದ್ಯಾರ್ಥಿವೇತನ ಮಾತ್ರ ಅವಳಿಗೆ ಸಿಗಲಿಲ್ಲ.

ನಾವು ತಡವರಿಸುತ್ತ ಕಲಿತದ್ದನ್ನು ಜಗತ್ತು ಬಹಳ ಹಿಂದೆಯೇ ಬರೆದಿಟ್ಟಿದೆ. ವಿಶ್ವವ್ಯಾಪಿ ಜಾಲವನ್ನು ಕಂಡುಹಿಡಿದ ಟಿಮ್ ಬರ್ನರ್ಸ್-ಲೀ ಅವರ ಸಂಸ್ಥೆಯು ಇದಕ್ಕೆಂದೇ 1997ರಲ್ಲಿ ಒಂದು ವಿಭಾಗ ತೆರೆದು, 1999ರಲ್ಲಿ ಮೊದಲ ನಿಯಮಾವಳಿ ಪ್ರಕಟಿಸಿತು. 2023ರ ಆವೃತ್ತಿಯಲ್ಲಿ ನೆನಪಿನ ಶಕ್ತಿ ಕಡಿಮೆ ಇರುವವರಿಗಾಗಿಯೇ ಕೆಲವು ಅಂಶಗಳಿವೆ. ಅರ್ಜಿಯಲ್ಲಿ ಒಮ್ಮೆ ಬರೆದದ್ದನ್ನು ಮತ್ತೆ ಬರೆಸಬಾರದು, ಒಳಗೆ ಬಿಡಲು ಒಗಟು ಬಿಡಿಸಿ ಎಂದು ಮಾತ್ರ ಕೂರಬಾರದು, ಬೇರೆ ದಾರಿಯೂ ಇರಬೇಕು ಎಂಬಂಥವು. ನಮ್ಮ ದೇಶದಲ್ಲಿ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ವೈಕಲ್ಯಗಳನ್ನು ಗುರುತಿಸಿತ್ತು. 2016ರ ಕಾಯ್ದೆ 21 ಬಗೆಗಳನ್ನು ಗುರುತಿಸಿತು, ಓದಿನ ತೊಡಕೂ ಅದರಲ್ಲಿ ಸೇರಿತು. ಮಾಹಿತಿ ಎಲ್ಲರಿಗೂ ಎಟುಕುವ ರೂಪದಲ್ಲಿರಬೇಕೆಂದೂ ಅದು ಹೇಳುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಆ್ಯಸಿಡ್ ದಾಳಿಯಲ್ಲಿ ಮುಖ, ಕಣ್ಣು ಸುಟ್ಟುಹೋದವರಿಗೆ ಫೋನಿನ ಮುಂದೆ ‘ಕಣ್ಣು ಮಿಟುಕಿಸಿ’ ಎಂಬ ಗುರುತಿನ ಪರೀಕ್ಷೆ ಅಡ್ಡಬಂದ ಪ್ರಕರಣವದು. ಅಂಧರೊಬ್ಬರ ಅರ್ಜಿಯೂ ಜೊತೆಗಿತ್ತು. ಡಿಜಿಟಲ್ ಸೇವೆಗಳು ಎಟುಕುವುದು ಸಂವಿಧಾನದ 21ನೆಯ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ನ್ಯಾಯಾಲಯ ಹೇಳಿತು. 2011ರ ಜನಗಣತಿಯ ಪ್ರಕಾರ ದೇಶದಲ್ಲಿ ದೃಷ್ಟಿದೋಷವುಳ್ಳವರು 50 ಲಕ್ಷಕ್ಕೂ ಹೆಚ್ಚು. ನೌಕರಿಯ ಅರ್ಜಿ, ಪರೀಕ್ಷೆಯ ಫಲಿತಾಂಶ, ಪಡಿತರ, ಬ್ಯಾಂಕು ಎಲ್ಲವೂ ಪುಟಗಳಾಗಿರುವಾಗ ಪುಟದ ಬಾಗಿಲು ಮುಚ್ಚಿದರೆ ಇವರು ಎಲ್ಲಿಗೆ ಹೋಗಬೇಕು?

ಹಳೆಯ ಪುಸ್ತಕಗಳ ಚಿತ್ರರೂಪದ ಪುಟಗಳನ್ನು ಅಕ್ಷರವಾಗಿಸುವ ಕೆಲಸವೂ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಜಿ. ರಾಮಕೃಷ್ಣನ್ ಅವರ ತಂಡ ಮುದ್ರಿತ ಕನ್ನಡವನ್ನು ಗುರುತಿಸುವ ತಂತ್ರಾಂಶ ರೂಪಿಸಿದೆ. ಅದರ ವಿವರ ದೊಡ್ಡದು, ಇನ್ನೊಂದು ವಾರಕ್ಕಿರಲಿ. ಕಂಪ್ಯೂಟರ್ ಕಲಿಯುತ್ತಿರುವ ಮಕ್ಕಳಿಗೆ ಇಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ ಎಂದಷ್ಟೇ ಈಗ ಹೇಳುತ್ತೇನೆ.

ಪುಟವನ್ನೆಲ್ಲ ತಿದ್ದಿ ಮುಗಿಸಿದ ಮೇಲೆ ಹಾವೇರಿಯ ನನ್ನ ಶಿಷ್ಯನಿಗೆ ಮತ್ತೊಮ್ಮೆ ವಿಳಾಸ ಕಳಿಸಿದೆ. ವೇಳಾಪಟ್ಟಿಯನ್ನು ಫೋಟೋದಿಂದ ಬಿಡಿಸಿ, ಸಾಲು-ಕಂಬಗಳಿರುವ ನಿಜವಾದ ಪಟ್ಟಿಯಾಗಿ ಮಕ್ಕಳು ಯುನಿಕೋಡ್‌ನಲ್ಲಿ ಬೆರಳಚ್ಚು ಮಾಡಿದ್ದರು. ಮುಖ್ಯೋಪಾಧ್ಯಾಯರು ನೋಡಿದ್ದರು, ನಾನು ಎರಡು ಸಲ ನೋಡಿದ್ದೆ, ಸಹೋದ್ಯೋಗಿಗಳು ನೋಡಿ ಶಹಬ್ಬಾಸ್ ಎಂದಿದ್ದರು. ರಾತ್ರಿ ಒಂಬತ್ತಕ್ಕೆ ಅವನ ಫೋನು ಬಂತು.

“ಛಲೋ ಆಗೇತಿ ಸರ್. ಎಲ್ಲಾ ಓದಾಕತ್ತೈತಿ. ಆದ್ರ ನಿಮ್ಮ ಸಾಲಿಗೆ ಶನಿವಾರ ಸೂಟಿ ಕೊಟ್ಟೀರೇನು? ಶುಕ್ರವಾರ ಆದಮ್ಯಾಲೆ ಪಟ್ಟಿ ಮುಗೀತು ಅಂತೈತಿ.”

ತೆರೆದು ನೋಡಿದೆ. ಶನಿವಾರದ ಸಾಲು ಬಿಟ್ಟೇ ಹೋಗಿತ್ತು.